ಎರಡು ಬೆರಳು ನೀರು

ಗುಳುಗುಳು ಎಂಬ ಸದ್ದಿಗೆ ಎಚ್ಚರವಾದಾಗ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ತೀರಾ ಸಣ್ಣ ಸದ್ದು. ನೀರು ಕುದಿಯುವುದಕ್ಕೆ ಮೊದಲು ಪಾತ್ರೆಯ ತಳದಿಂದ ಗುಳ್ಳೆಗಳು ಏಳುತ್ತವಲ್ಲ, ಹಾಗೆ. ಐದಾರು ಕ್ಷಣ ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಪಕ್ಕದಲ್ಲಿ ಗಂಡ ಕೊರಡಿನ ಹಾಗೆ ಮಲಗಿದ್ದರು. ಅವರದು ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಯಾವುದೋ ಕಟ್ಟಡದ ಬಾವಿಯಂಥ ಕತ್ತಲಲ್ಲಿ ನೇತಾಡಿ ಬಂದು ದಿಂಬಿಗೆ ತಲೆ ಕೊಟ್ಟರೆ, ತಲೆಯ ಮೇಲೆ ತಲೆ ಬಿದ್ದರೂ ಏಳುವವರಲ್ಲ. ನಾನು ಎಲೆ ಅಲುಗಿದರೂ ಏಳುವವಳು. ಒಲೆ ಆರಿಸಿದ್ದೇನೆಯೇ ಎಂದು ಮಲಗುವ ಮುಂಚೆ ಮೂರು ಸಲ ನೋಡಿಕೊಂಡಿದ್ದೆ. ಆದರೂ ಮೊದಲು ಬಂದ ಯೋಚನೆ ಒಲೆಯದೇ. ಎರಡನೆಯದು, ನಲ್ಲಿಯ ಪೈಪು ಒಡೆದಿರಬೇಕು, ನೀರು ಕೆಳಮನೆಯ ಛಾವಣಿಗೆ ಇಳಿದು ಬೆಳಗಾದರೆ ಜಗಳ. ಮೂರನೆಯದನ್ನು ಯೋಚಿಸುವ ಮೊದಲೇ ಎದ್ದು ಬರಿಗಾಲಲ್ಲಿ ಅಡುಗೆಮನೆಗೆ ಹೋದೆ.

ದೀಪ ಹಾಕಿರಲಿಲ್ಲ. ಬೀದಿಯ ಕಂಬದ ಬೆಳಕು ಕಿಟಕಿಯಿಂದ ಬಿದ್ದು ಮೇಜಿನ ಅರ್ಧ ಕಾಣುತ್ತಿತ್ತು. ಮೇಜಿನ ಮುಂದೆ ನಮ್ಮ ಮಾವ ಕೂತಿದ್ದರು. ಎದುರಿಗೆ ಗಾಜಿನ ಲೋಟ, ಬಾಯಲ್ಲಿ ದಪ್ಪನೆಯ ಹಸಿರು ಸ್ಟ್ರಾ, ಕೆನ್ನೆ ಎರಡೂ ಉಬ್ಬಿದ್ದವು. ಲೋಟ ನನ್ನದು. ಸ್ಟ್ರಾ ಕೂಡ ನನ್ನದೇ.

"ಮಾವ?" ಎಂದೆ, ಅಷ್ಟೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಸ್ಟ್ರಾವನ್ನು ಕಿತ್ತು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀರು ಕುಡೀತಿದ್ದೆ."

ಅವರು ಹೇಳಿದ್ದು ಹಾಗೆ, ಆದರೆ ಅದನ್ನು ದನಿ ಎನ್ನಲಾಗದು. ಎರಡು ವರ್ಷದಿಂದ ಅವರ ಗಂಟಲಿಂದ ಬರುತ್ತಿದ್ದುದು ಬರೀ ಗಾಳಿ. ನೆಲದ ಮೇಲೆ ಕಾಗದ ಎಳೆದಾಗ ಬರುವಂಥ ಸದ್ದು.

"ಊದಿಕೊಂಡು ಕುಡೀತಾರಾ ಯಾರಾದ್ರೂ?"

"ಬಿಸಿ ಇತ್ತು."

ಲೋಟ ಮುಟ್ಟಿ ನೋಡಿದೆ. ತಣ್ಣಗಿತ್ತು. ಮಾವ ನನ್ನ ಮುಖ ನೋಡಲಿಲ್ಲ.

"ನಿಮ್ಮತ್ತೆಗೆ ಹೇಳ್ಬೇಡಮ್ಮ."

"ನಾನು ಹೇಳಿದ್ರೂ ಅವರಿಗೆ ಕೇಳಿಸಬೇಕಲ್ಲ, ಬಿಡಿ."

ಇಬ್ಬರಿಗೂ ನಗು ಬಂತು. ನಗುವಾಗಲೂ ಮಾವನಿಂದ ಸದ್ದು ಬರಲಿಲ್ಲ, ಭುಜ ಮಾತ್ರ ಕುಣಿಯಿತು. ಲೋಟದ ತುಂಬ ನೀರು ತುಂಬಿಸಿಕೊಂಡಿದ್ದರು. ಅದನ್ನು ಚೆಲ್ಲಿ, ತಳದಲ್ಲಿ ಎರಡು ಬೆರಳಿನಷ್ಟು ಮಾತ್ರ ಉಳಿಸಿ ಕೊಟ್ಟೆ.

"ಇಷ್ಟೇ ಸಾಕು ಮಾವ. ಬರೀ ಗಾಳಿ ಊದಬೇಡಿ. ಒಳಗಿಂದ 'ಊ' ಅಂತ ಸ್ವರ ತೆಗೀತಾ ಊದಿ."

ಮೂರು ಸಲ ಗಾಳಿಯೇ ಬಂತು. ನಾಲ್ಕನೆಯ ಸಲ ಗುಳ್ಳೆಗಳ ನಡುವೆ ಜೇನುನೊಣ ಸಿಕ್ಕಿಕೊಂಡ ಹಾಗೆ ಏನೋ ಗುಂಯ್ಗುಟ್ಟಿತು. ಒಂದೇ ಕ್ಷಣ. ನಾವಿಬ್ಬರೂ ಲೋಟವನ್ನೇ ನೋಡಿದೆವು, ಅದರೊಳಗಿಂದ ಬೇರೆ ಯಾರೋ ಮಾತಾಡಿದ ಹಾಗೆ.

ವಯಸ್ಸಾದವರಿಗೆ ಏನೋ ಒಂದು ಹುಚ್ಚು ಎಂದುಕೊಂಡು ಹೋಗಿ ಮಲಗಿದೆ. ಆ ಯೋಚನೆಗೆ ಈಗಲೂ ನಾಚಿಕೆಯಾಗುತ್ತದೆ.

ಮಾವ ಮೂವತ್ತೆಂಟು ವರ್ಷ ತರಕಾರಿ ಪೇಟೆಯಲ್ಲಿ ಹರಾಜು ಕೂಗಿದವರು. ನಸುಕಿನಲ್ಲಿ ಮೂಟೆಗಳ ಮೇಲೆ ಹತ್ತಿ ನಿಂತು, ಆಲೂಗಡ್ಡೆ ಈರುಳ್ಳಿಗಳ ಬೆಲೆಯನ್ನು ಪೇಟೆಯ ಆಚೆ ತುದಿಗೆ ಮುಟ್ಟಿಸುತ್ತಿದ್ದರಂತೆ. ಮೈಕು ಹಿಡಿಯುವುದು ಗಂಟಲಿಗೆ ಅವಮಾನ ಎಂದು ತಿಳಿದವರು. ಅತ್ತೆ ಹೆಚ್ಚು ಕಡಿಮೆ ಅಷ್ಟೇ ವರ್ಷ ಬಟ್ಟೆ ಗಿರಣಿಯಲ್ಲಿ ಇನ್ನೂರು ಮಗ್ಗಗಳ ಗದ್ದಲದ ನಡುವೆ ನಿಂತವರು. ಒಬ್ಬರ ಗಂಟಲನ್ನು ಪೇಟೆ ತಿಂದಿತು, ಇನ್ನೊಬ್ಬರ ಕಿವಿಯನ್ನು ಗಿರಣಿ ತಿಂದಿತು.

ಗಿರಣಿಯ ಹೆಂಗಸರೆಲ್ಲ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿರುತ್ತಾರೆ. ಅತ್ತೆ ಹಾಲಿನವನ ತುಟಿ ಓದುತ್ತಾರೆ, ಅಂಚೆಯವಳ ತುಟಿ ಓದುತ್ತಾರೆ. ಓದಲಾಗದ್ದು ಗಂಡನದು ಮಾತ್ರ. ಮಾವನ ಮೀಸೆ ಮೇಲ್ದುಟಿಯನ್ನು ಮುಚ್ಚಿ ಕೆಳದುಟಿಯನ್ನೂ ವಿಚಾರಿಸಿಕೊಳ್ಳುತ್ತದೆ.

"ಆ ಪೊರಕೆ ಬೋಳಿಸಿ ಅಂತ ಎಷ್ಟು ಸಲ ಹೇಳೋದು?" ಎಂದು ಅತ್ತೆ ಗದರಿದರೆ ಮಾವ ಅದನ್ನು ಒಮ್ಮೆ ನೇವರಿಸಿಕೊಳ್ಳುತ್ತಾರೆ. ಅದೇ ಉತ್ತರ. ಕಿವಿಯ ಯಂತ್ರವೊಂದು ಬಂದಿತ್ತು, ಎರಡು ವಾರ ಹಾಕಿಕೊಂಡ ಅತ್ತೆ ಅದನ್ನು ಡಬ್ಬಿಗೆ ಸೇರಿಸಿದರು. "ಗಿರಣಿ ಸೈರನ್ನನ್ನ ಕಿವಿಯೊಳಗೇ ಇಟ್ಕೊಂಡಂಗಾಗತ್ತೆ" ಎಂದರು.

ಹೀಗಾಗಿ ಇಬ್ಬರ ನಡುವೆ ನಾನು. ಮಾವ ನನ್ನ ಬಳಿ ಪಿಸುಗುಟ್ಟುತ್ತಿದ್ದರು, ನಾನು ಅತ್ತೆಗೆ ಕೂಗಿ ಹೇಳುತ್ತಿದ್ದೆ. ಎದುರಿಗೆ ನಿಂತರೆ ನನ್ನ ತುಟಿಯನ್ನೂ ಓದುತ್ತಿದ್ದರೇನೋ, ಆದರೆ ಅತ್ತೆ ಒಂದು ಕಡೆ ನಿಲ್ಲುವವರಲ್ಲ. ಬಾಲ್ಕನಿಯಲ್ಲಿರುತ್ತಾರೆ, ಬಚ್ಚಲಲ್ಲಿರುತ್ತಾರೆ, ಒಲೆಯ ಕಡೆ ತಿರುಗಿರುತ್ತಾರೆ.

"ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಮ್ಮ" ಎಂದು ಮಾವ.

"ಅತ್ತೇ, ಉಪ್ಪು ಕಮ್ಮಿಯಂತೆ!"

"ಏನು?"

"ಉಪ್ಪೂ! ಕಮ್ಮಿಯಂತೇ!"

"ಉಪ್ಪು ಸರಿಯಾಗೇ ಇದೆ, ನಾಲಿಗೆ ಕೆಟ್ಟಿದೆ ಅಂತ ಹೇಳು ಅವರಿಗೆ."

ನಾನು ಮಾವನ ಕಡೆ ತಿರುಗಿದರೆ ಅವರು ಕೈ ಎತ್ತಿ ತಡೆಯುತ್ತಿದ್ದರು. "ಕೇಳಿಸ್ತು, ಕೇಳಿಸ್ತು. ನನ್ನ ಕಿವಿ ಚೆನ್ನಾಗಿದೆ."

"ನಿಂಗೆ ಎರಡು ಸ್ಟೇಷನ್ ಕಣೇ" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. "ಒಂದರಲ್ಲಿ ಮೈಕಿದೆ, ಇನ್ನೊಂದರಲ್ಲಿ ಇಲ್ಲ." ಎಲ್ಲರೂ ನಗುತ್ತಿದ್ದೆವು. ನಾನೇ ಹೆಚ್ಚು ನಗುತ್ತಿದ್ದೆ.

ನಾನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಹನ್ನೊಂದು ವರ್ಷದಿಂದ ಮೂರನೇ ಪ್ಲಾಟ್‌ಫಾರಂ ಮೇಲಿನ ಗಾಜಿನ ಕೋಣೆಯಲ್ಲಿ ಕೂತಿದ್ದೇನೆ. ಉಳಿದೆಲ್ಲ ಕಡೆ ಪುಕ್ಕಲಿಯಾದ ನಾನು ಮೈಕಿನ ಕೆಂಪು ದೀಪ ಹತ್ತಿದ ಕೂಡಲೇ ಬೇರೆಯವಳಾಗುತ್ತೇನೆ. ಗಾಡಿ ಯಾವುದು, ಎಷ್ಟು ಹೊತ್ತಿಗೆ, ಎಲ್ಲಿಗೆ ಬರುತ್ತದೆ ಎಂಬುದು ನನಗೆ ಖಚಿತವಾಗಿ ಗೊತ್ತಿರುತ್ತದೆ. ಜೀವನದಲ್ಲಿ ಅಷ್ಟು ಖಚಿತವಾಗಿ ಬೇರೇನೂ ಗೊತ್ತಿಲ್ಲ.

ಆ ವರ್ಷದ ಆರಂಭದಿಂದ ದನಿ ಒಡೆಯತೊಡಗಿತ್ತು. ಒಂದು ಸಂಜೆ ಗಾಡಿಯೊಂದರ ಪ್ಲಾಟ್‌ಫಾರಂ ಬದಲಾಯಿತು. "ಐದನೇ" ಎನ್ನಬೇಕಾದಲ್ಲಿ ನನ್ನ ಬಾಯಿಂದ ಏನೂ ಹೊರಡಲಿಲ್ಲ. ನೀರು ಕುಡಿದು ಮತ್ತೆ ಹೇಳುವಷ್ಟರಲ್ಲಿ ಗಾಡಿ ಹೊರಟಿತ್ತು. ನಾಲ್ಕನೇ ಪ್ಲಾಟ್‌ಫಾರಂ ಮೇಲೆ ಗಂಡಹೆಂಡತಿ ಇಬ್ಬರು ಮೂರು ಚೀಲಗಳ ಜೊತೆ ನಿಂತು, ಹಳಿಯಾಚೆ ಹೋಗುತ್ತಿದ್ದ ತಮ್ಮ ಗಾಡಿಯನ್ನು ನೋಡುತ್ತಿದ್ದರು. ಆಮೇಲೆ ಆ ಹೆಂಗಸು ತಲೆ ಎತ್ತಿ ನನ್ನ ಗಾಜಿನ ಕೋಣೆಯನ್ನು ನೋಡಿದಳು. ಬೈಯಲಿಲ್ಲ. ಸುಮ್ಮನೆ ನೋಡಿದಳು.

ನಮ್ಮ ಮೇಲಧಿಕಾರಿ ಕೆಟ್ಟವರಲ್ಲ. "ಆರು ವಾರ ಟೈಮ್ ತಗೊಳ್ಳಿ, ಗಂಟಲು ತೋರಿಸ್ಕೊಳ್ಳಿ" ಎಂದರು. "ಆಮೇಲೆ ನಾನೇ ಕೆಳಗೆ ನಿಂತು ಕೇಳ್ತೀನಿ. ಸರಿಹೋಗದಿದ್ರೆ ರೆಕಾರ್ಡಿಂಗ್ ಮೆಷಿನ್ ಬರುತ್ತೆ, ನಿಮ್ಮನ್ನ ಕಳೆದ ಸಾಮಾನಿನ ಕೋಣೆಗೆ ಹಾಕ್ತೀವಿ. ಕೆಲಸಕ್ಕೇನೂ ತೊಂದರೆ ಇಲ್ಲ."

ಕೆಲಸಕ್ಕೆ ತೊಂದರೆ ಇರಲಿಲ್ಲ ನಿಜ. ಕಳೆದ ಸಾಮಾನಿನ ಕೋಣೆಗೆ ಕಿಟಕಿ ಇಲ್ಲ. ಒಡೆಯರಿಲ್ಲದ ಕೊಡೆಗಳು, ಒಂಟಿ ಕೈಚೀಲಗಳು, ಬೆಳಗಿಂದ ಸಂಜೆಯವರೆಗೆ ಮಾತೇ ಬೇಡ. ನನ್ನ ಜೀವನದಲ್ಲಿ ಭಯವಿಲ್ಲದ ಒಂದೇ ಒಂದು ಜಾಗ ಕೈಬಿಟ್ಟುಹೋಗುತ್ತದೆ ಎಂಬುದನ್ನು ಅವರಿಗೆ ಹೇಗೆ ಹೇಳಲಿ?

ದನಿಯ ಚಿಕಿತ್ಸೆ ಮಾಡುವ ಮೇಡಂ ನನಗಿಂತ ಚಿಕ್ಕವರು. ದೊಡ್ಡ ದೊಡ್ಡ ಯಂತ್ರ, ಉದ್ದನೆಯ ಔಷಧಿ ಚೀಟಿ ಎಲ್ಲವನ್ನೂ ಕಲ್ಪಿಸಿಕೊಂಡು ಹೋದ ನನ್ನ ಮುಂದೆ ಒಂದು ಬಟ್ಟೆಚೀಲ ಇಟ್ಟರು. ಒಂದು ಗಾಜಿನ ಲೋಟ. ಒಂದು ದಪ್ಪ ಸ್ಟ್ರಾ. ಮೂರು ನಿಮಿಷಕ್ಕೆ ಬರಿದಾಗುವ ಮರಳಿನ ಗಡಿಯಾರ. ಆವಿ ಹಿಡಿಯುವಾಗ ತಲೆಗೆ ಹೊದೆಯಲು ಒಂದು ಟವೆಲ್ಲು. ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಬೇಕು ಎಂದು ಗೆರೆ ಹಾಕಿದ ನೀರಿನ ಬಾಟಲಿ. ಒಂದು ನೋಟ್‌ಬುಕ್ಕು.

"ಇಷ್ಟೇನಾ?"

"ಇಷ್ಟೇ. ಲೋಟದಲ್ಲಿ ಎರಡು ಬೆರಳು ನೀರು, ಅದರೊಳಗೆ ಸ್ವರ ಊದಬೇಕು. ಗಂಟಲಿಗೆ ಅದು ಒಳಗಿನಿಂದ ಮಾಲೀಶು ಮಾಡಿದ ಹಾಗೆ. ದಿನಕ್ಕೆ ಮೂರು ಸಲ. ಜಾಸ್ತಿ ಬೇಡ. ನಿಮ್ಮನ್ನ ನೋಡಿದ್ರೆ ಜಾಸ್ತಿ ಮಾಡೋರ ಥರ ಕಾಣ್ತೀರ."

ನಾನು ನಾಲ್ಕು ಸಲ ಮಾಡಿದೆ. ನನ್ನ ಮಟ್ಟಿಗೆ ಅದು ಬಹಳ ಸಂಯಮ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಸಲ ದನಿ ಎತ್ತಿದೆ, ಎಲ್ಲೆಲ್ಲಿ ಎತ್ತಿದೆ ಎಂದು ಬರೆಯಬೇಕಿತ್ತು. ನಾನು ಎರಡು ಕಂಬ ಗೆರೆ ಎಳೆದೆ: ನಿಲ್ದಾಣ, ಮನೆ. ನಿಲ್ದಾಣದ ಕೆಳಗೆ ತಪ್ಪದೆ ಬರೆದೆ. ಮನೆಯ ಕೆಳಗೆ ಏನೂ ಬರೆಯಲಿಲ್ಲ. ಮರೆತದ್ದಲ್ಲ. ಬರೆದರೆ ಅದು ದೂರಿನ ಹಾಗೆ ಕಾಣುತ್ತದೆ ಎಂದು ಹೆದರಿದೆ. ನಾನು ಈ ಮನೆಗೆ ಬಂದ ಮೊದಲ ವರ್ಷ, ಜ್ವರ ಬಂದು ಮಲಗಿದ್ದಾಗ, ನನ್ನ ಹಣೆಯ ಬಟ್ಟೆ ಬದಲಿಸುತ್ತ ರಾತ್ರಿಯಿಡೀ ಕೂತವರು ಅತ್ತೆ. ಅವರ ಕಿವಿಯನ್ನು ಅಂಕಿ ಮಾಡಿ ಯಾರದೋ ಮೇಜಿನ ಮೇಲೆ ಇಡಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಆಡುವ ಮಾತು ಗಂಟಲಿಗೆ ತಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನೋಟ್‌ಬುಕ್ಕು ಅಡುಗೆಮನೆಯ ಕಪಾಟಿನಲ್ಲಿ, ಲೋಟದ ಪಕ್ಕದಲ್ಲೇ ಇರುತ್ತಿತ್ತು. ಸಂಜೆ ಬಂದ ಕೂಡಲೇ ಆ ದಿನದ್ದನ್ನು ಹೊಸ ಹಾಳೆಯಲ್ಲಿ ಬರೆದು ಮುಚ್ಚಿಡುತ್ತಿದ್ದೆ. ಹಿಂದಿನ ಹಾಳೆಗಳನ್ನು ತಿರುಗಿಸಿ ನೋಡುವ ಧೈರ್ಯ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಮೇಡಂ ನನ್ನ ನಾಲಿಗೆ ಎಳೆದು ಹಿಡಿದು, ಸಣ್ಣ ಕನ್ನಡಿಯನ್ನು ಗಂಟಲೊಳಗೆ ಇಳಿಸಿ ನೋಡಿದರು. ಅವರ ಹುಬ್ಬು ಗಂಟಿಕ್ಕಿದ್ದು ನನಗೆ ಕಂಡಿತು. ಅಂಥವು ನನ್ನ ಕಣ್ಣು ತಪ್ಪುವುದಿಲ್ಲ.

"ಊತ ಇಳಿದಿಲ್ಲ. ಸ್ವಲ್ಪ ಜಾಸ್ತೀನೇ ಆಗಿದೆ. ಕೆಲಸದಲ್ಲಿ ಮೈಕಿದೆ ಅಂತೀರ, ಕೂಗೋದಿಲ್ಲ ಅಂತೀರ. ಹಾಗಾದ್ರೆ ಇದು ಎಲ್ಲಿಂದ ಬಂತು?"

ನಾನು ಕೈಬೆರಳು ನೋಡಿಕೊಂಡು ಕೂತೆ. ಮೂರು ವಾರ ಹೋಯಿತು, ಇನ್ನು ಮೂರೇ ವಾರ. ಕಿಟಕಿಯಿಲ್ಲದ ಕೋಣೆ ಕಣ್ಣ ಮುಂದೆ ಬಂತು. ಮೇಡಂ ನೋಟ್‌ಬುಕ್ಕಿನ ಹಾಳೆ ತಿರುವಿದರು. ಒಂದು ಹಾಳೆಯ ಮೇಲೆ ಅವರ ಬೆರಳು ನಿಂತಿತು.

"ಇದೂ ನಿಮ್ಮ ಬರಹಾನಾ?"

ನಾನು ಖಾಲಿ ಬಿಟ್ಟಿದ್ದ ಕಂಬ ಖಾಲಿಯಾಗಿರಲಿಲ್ಲ. ಪೆನ್ಸಿಲ್ಲಿನಲ್ಲಿ, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆದ ಗುಂಪುಗಳು, ಒಂದರ ಪಕ್ಕ ಒಂದು, ಇರುವೆ ಸಾಲಿನ ಹಾಗೆ. ಪೇಟೆಯಲ್ಲಿ ಮೂಟೆ ಎಣಿಸುವವರು ಹಾಕುವ ಗೀಟು. ಪಕ್ಕದಲ್ಲಿ ಮೊತ್ತ, ದಿನಕ್ಕೊಂದು ಹಾಳೆ. ಬುಧವಾರ ತೊಂಬತ್ತನಾಲ್ಕು. ಗುರುವಾರ ನೂರ ಏಳು. ಭಾನುವಾರ, ನಾನು ಇಡೀ ದಿನ ಮನೆಯಲ್ಲಿದ್ದ ದಿನ, ನೂರ ಮೂವತ್ತೊಂದು. ಕೊನೆಯ ಹಾಳೆಯಲ್ಲಿ ಬಲಕ್ಕೆ ವಾಲಿದ ಅಕ್ಷರ: "ಇವಿಷ್ಟೂ ನನ್ನ ಪರವಾಗಿ ಕೂಗಿದ್ದು."

ಬುಧವಾರ, ಗುರುವಾರ. ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಅಡುಗೆಮನೆಯಲ್ಲಿ ಮಾವ ಸಿಕ್ಕಿಬಿದ್ದ ರಾತ್ರಿ ಶುಕ್ರವಾರದ್ದು. ಎರಡು ದಿನ ಅವರು ಮೂಲೆಯ ಕುರ್ಚಿಯಲ್ಲಿ ಕೂತು, ನಾನು ಬಾಯಿ ತೆರೆದಾಗೆಲ್ಲ ಒಂದು ಗೀಟು ಹಾಕಿದ್ದರು. ಮೊತ್ತ ನೋಡಿದ್ದರು. ಮೂರನೆಯ ರಾತ್ರಿ ಎದ್ದು ಬಂದು, ಕತ್ತಲಲ್ಲಿ ನನ್ನ ಸ್ಟ್ರಾ ಬಾಯಿಗಿಟ್ಟುಕೊಂಡಿದ್ದರು.

ಬೇಡವೆಂದರೂ ಕಣ್ಣು ತುಂಬಿ ಬಂತು.

"ಯಾರದು ಇದು?" ಮೇಡಂ ಮೆಲ್ಲಗೆ ಕೇಳಿದರು.

"ನಮ್ಮ ಮಾವನವರದು."

ಆಮೇಲೆ ಎಲ್ಲವನ್ನೂ ಹೇಳಿದೆ. ಪೇಟೆ, ಗಿರಣಿ, ಮೀಸೆ, ಉಪ್ಪು. ಮೇಡಂ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

"ಗಿರಣಿ ಕಿವಿಗೆ ಕೀರಲು ದನಿ ಕೇಳಿಸೋದೇ ಇಲ್ಲ. ನೀವು ಎತ್ತರಿಸಿ ಕೂಗಿದಷ್ಟೂ ಅವರಿಗೆ ಕಮ್ಮಿ ಕೇಳಿಸುತ್ತೆ. ಇಷ್ಟು ದಿನ ಗಾಳಿಗೆ ಗುದ್ದಿ ಕೈ ನೋಯಿಸ್ಕೊಂಡಿದ್ದೀರ ನೀವು. ಎದುರಿಗೆ ಹೋಗಿ, ತಗ್ಗಿದ ದನಿಯಲ್ಲಿ, ನಿಧಾನವಾಗಿ ಹೇಳಿ. ನಿಮ್ಮ ಮಾವನ ಪಿಸುಮಾತಲ್ಲಿ ಬರೀ ಗಾಳಿ ಇದೆ. ಅದಕ್ಕೆ ಸ್ವಲ್ಪ ಸ್ವರ ತುಂಬಿದ್ರೆ ಸಾಕು. ಜೋರು ಬೇಕಾಗಿಲ್ಲ." ಎದ್ದು ಕಪಾಟಿನಿಂದ ಹಳದಿ ಬಣ್ಣದ ಸ್ಟ್ರಾ ಒಂದನ್ನು ತೆಗೆದರು. "ಇದು ಅವರಿಗೆ. ಒಂದನ್ನೇ ಇಬ್ಬರು ಬಾಯಿಗಿಡಬೇಡಿ. ಒಂದು ಸಲ ಅವರನ್ನೂ ಕರ್ಕೊಂಡು ಬನ್ನಿ, ಗಂಟಲು ನೋಡ್ತೀನಿ."

ಅವತ್ತು ಸಂಜೆ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಹಳದಿ ಸ್ಟ್ರಾವನ್ನು ಮಾವನ ಮುಂದಿಟ್ಟೆ.

"ಮೇಡಂ ಕೊಟ್ರು. ಇದು ನಿಮ್ಮದು."

ಮಾವ ಅದನ್ನು ನೋಡಿದರು. ನನ್ನ ಕೈಚೀಲದಿಂದ ಇಣುಕುತ್ತಿದ್ದ ನೋಟ್‌ಬುಕ್ಕನ್ನು ನೋಡಿದರು.

"ಓದಿಬಿಟ್ರಾ?"

"ಓದಿದ್ರು."

"ಲೆಕ್ಕ ಪೂರ್ತಿ ಸರಿಯಿಲ್ಲಮ್ಮ. ಭಾನುವಾರ ಮಧ್ಯಾಹ್ನ ಸ್ವಲ್ಪ ತೂಕಡಿಸಿಬಿಟ್ಟಿದ್ದೆ."

ಥ್ಯಾಂಕ್ಸ್ ಎಂಬ ಮಾತು ನಮ್ಮ ಮನೆಯಲ್ಲಿ ಓಡಾಡುವುದಿಲ್ಲ. ಒಂದು ಲೋಟ ತೊಳೆದು, ಎರಡು ಬೆರಳು ನೀರು ಹಾಕಿ ಅವರ ಮುಂದಿಟ್ಟೆ. ನನಗೂ ಒಂದು ಹಾಕಿಕೊಂಡು ಎದುರಿಗೆ ಕೂತೆ.

ಮೇಡಂ ಮಾವನ ಗಂಟಲನ್ನೂ ನೋಡಿ, "ಮುಪ್ಪು, ಅಷ್ಟೇ. ಕಾಯಿಲೆ ಇಲ್ಲ" ಎಂದರು. ಅಂದಿನಿಂದ ಬೆಳಿಗ್ಗೆ ಆರು ಗಂಟೆ ನಮ್ಮಿಬ್ಬರ ಹೊತ್ತಾಯಿತು. ನಡುವೆ ಮರಳಿನ ಗಡಿಯಾರ, ಆಚೆ ಹಳದಿ, ಈಚೆ ಹಸಿರು. ಮೊದಲು ಟವೆಲ್ಲು ಹೊದ್ದು ಆವಿ, ಆಮೇಲೆ ಗುಳ್ಳೆ, ಆಮೇಲೆ ಬಾಯಿ ಮುಚ್ಚಿ ಒಂದಿಷ್ಟು ಗುಂಯ್ಕಾರ. ಮಾವನಿಗೆ ನಾನು ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಹೇಳಿಕೊಟ್ಟೆ. ಅವರು ನನಗೆ ಮರಳು ಬರಿದಾದ ಮೇಲೆ ನಿಲ್ಲಿಸುವುದನ್ನು ಹೇಳಿಕೊಟ್ಟರು. ನಾನು ಇನ್ನೊಂದು ಸಲ ಎಂದು ಗಡಿಯಾರಕ್ಕೆ ಕೈ ಚಾಚಿದರೆ ಅವರು ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಸವಾಲು ಮುಗೀತು. ಮೂಟೆ ಹೋಯ್ತು" ಎಂದು ಪೇಟೆಯ ಹರಾಜಿನ ಮಾತಲ್ಲಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಗಂಡ ಹಲ್ಲುಜ್ಜುತ್ತ ಬಂದು ನಿಂತರು. "ಮಳೆ ಬರೋ ಹಾಗಿದೆ. ಎರಡು ಕಪ್ಪೆ ವಟಗುಟ್ತಿವೆ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸೊಸೆ ಮಾಡ್ತಾಳೆ ಸರಿ, ಅವಳಿಗೆ ಕೆಲಸಕ್ಕೆ ಬೇಕು. ನಿಮಗೇನು ಬಂತು ಈ ವಯಸ್ಸಲ್ಲಿ ಮಕ್ಕಳಾಟ?" ಮಾವ ಮೀಸೆ ನೇವರಿಸಿಕೊಂಡರು.

ಅತ್ತೆಗೆ ಏನಾದರೂ ಹೇಳಬೇಕಾದಾಗ ಈಗ ನಾನು ನಡೆದು ಹೋಗುತ್ತಿದ್ದೆ. ಭುಜ ಮುಟ್ಟಿ, ಎದುರಿಗೆ ನಿಂತು, ಹೊಟ್ಟೆಯಿಂದ ಹೊರಡುವ ದನಿಯಲ್ಲಿ ಹೇಳುತ್ತಿದ್ದೆ. ಮೊದಲ ದಿನ ಅತ್ತೆ ಕಣ್ಣು ಕಿರಿದು ಮಾಡಿ, "ಏನೇ, ಇವತ್ತು ಸರಿಯಾಗಿ ಮಾತಾಡ್ತಿದ್ದೀಯ?" ಎಂದರು. ಮಾವ ನನ್ನ ಕೈಯಲ್ಲಿ ಮಾತು ಕಳಿಸುವುದನ್ನು ಕಡಿಮೆ ಮಾಡಿದರು. ಉಪ್ಪು ಬೇಕಾದರೆ ತಾವೇ ಎದ್ದು ಹಾಕಿಕೊಂಡರು. ಪೆನ್ಸಿಲ್ಲಿನ ಗೀಟುಗಳು ಎಪ್ಪತ್ತಕ್ಕೆ ಇಳಿದವು, ನಲವತ್ತಕ್ಕೆ ಇಳಿದವು, ಇಪ್ಪತ್ತರ ಕೆಳಗೆ ಬಂದವು.

ಐದನೆಯ ವಾರದ ಒಂದು ದಿನ ಅತ್ತೆ ಒಲೆಯ ಕಡೆ ತಿರುಗಿ ಸಾರು ಕಲಕುತ್ತಿದ್ದರು. ಮಾವ ಊಟದ ಮೇಜಿನಿಂದ ಎದ್ದು ಅವರ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತರು. ನಿಂತೇ ಇದ್ದರು. ಉಸಿರು ಎಳೆದುಕೊಂಡದ್ದು ಅಂಗಿಯ ಮೇಲೆ ಕಾಣಿಸಿತು.

"ಇಲ್ಲಿ ನೋಡು."

ಒಡೆದ ದನಿ, ಹಳೇ ಬಾಗಿಲು ತೆರೆದ ಹಾಗೆ. ಪೇಟೆಯಲ್ಲಿ ಕೂಗುತ್ತಿದ್ದ ದನಿಯ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲವೇನೋ. ಆದರೆ ದನಿ. ಅತ್ತೆಯ ಕೈಯ ಸೌಟು ನಿಂತಿತು. ತಿರುಗಿ ಬಾಗಿಲು ನೋಡಿದರು, ಅಲ್ಲಿ ಯಾರೂ ಇರಲಿಲ್ಲ. ನನ್ನನ್ನು ನೋಡಿದರು. ನಾನು ಬಾಯಿ ಬಿಗಿದು ಕೂತಿದ್ದೆ. ಆಮೇಲೆ ಗಂಡನನ್ನು ನೋಡಿದರು.

"ನೀವಾ ಕರೆದಿದ್ದು?"

"ನಾನೇ. ಉಪ್ಪು ಕಮ್ಮಿ ಇರುತ್ತೆ. ನೋಡ್ಕೊಂಡು ಹಾಕು."

"ಅಯ್ಯೋ ನಿಮ್ಮ! ಎರಡು ವರ್ಷದ ಮೇಲೆ ಬಾಯಿ ಬಿಟ್ರೆ ಇದೇನಾ ಮಾತು?" ಎಂದು ಅತ್ತೆ ಗೋಡೆಯ ಕಡೆ ತಿರುಗಿಬಿಟ್ಟರು. ಎಷ್ಟೋ ಹೊತ್ತು ಸಾರು ಕಲಕಲೇ ಇಲ್ಲ. ಅವತ್ತು ಉಪ್ಪನ್ನು ಎರಡು ಸಲ ಹಾಕಿದ್ದರು. ನಾವು ಮೂವರೂ ಸೊಲ್ಲೆತ್ತದೆ ಉಂಡೆವು. ರಾತ್ರಿ ಬಂದ ಗಂಡ ಮಾತ್ರ ಒಂದು ತುತ್ತಿಗೇ ನೀರು ಕೇಳಿದರು.

ಆರು ವಾರ ಮುಗಿದ ದಿನ ಮೇಲಧಿಕಾರಿ ಹೇಳಿದ ಹಾಗೇ ಕೆಳಗೆ ಪ್ರಯಾಣಿಕರ ನಡುವೆ ಹೋಗಿ ನಿಂತರು. ಗಾಜಿನಾಚೆ ಅವರ ಬೋಳುತಲೆ ಕಾಣುತ್ತಿತ್ತು. ಭಯವಾಗಲಿಲ್ಲ ಎಂದರೆ ಸುಳ್ಳು. ಇನ್ನೊಂದು ಸಲ ಗಂಟಲು ಪರೀಕ್ಷೆ ಮಾಡಿ ನೋಡೋಣ ಎನ್ನಿಸಿತು, ಮತ್ತೊಂದು ಸಲ ನೀರು ಕುಡಿಯೋಣ ಎನ್ನಿಸಿತು. ಸಾಕು ಎಂದು ನನಗೆ ನಾನೇ ಹೇಳಿಕೊಂಡು ಗುಂಡಿ ಒತ್ತಿದೆ.

ನಾಲ್ಕು ಗಾಡಿಗಳು. ಮೂರನೆಯದರ ಪ್ಲಾಟ್‌ಫಾರಂ ಅವತ್ತೂ ಬದಲಾಗಿತ್ತು. "ಐದನೇ ಪ್ಲಾಟ್‌ಫಾರಂಗೆ ಬರಲಿದೆ" ಎಂದೆ. ದನಿ ಒಡೆಯಲಿಲ್ಲ. ಕೆಳಗೆ ಒಬ್ಬಳು ಹೆಂಗಸು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಚೀಲ ಎತ್ತಿದಳು, ಒಬ್ಬ ಮುದುಕ ಕೋಲು ಊರಿ ಎದ್ದ, ಬೆಂಚಿನವರು, ನಲ್ಲಿಯ ಹತ್ತಿರದವರು, ಎಲ್ಲರೂ ಐದನೆಯದರ ಮೆಟ್ಟಿಲ ಕಡೆ ತಿರುಗಿದರು. ಒಬ್ಬರೂ ಹಿಂದೆ ಉಳಿಯಲಿಲ್ಲ. ಅಷ್ಟು ಜನರ ಬೆನ್ನು ನೋಡಿ ನನಗೆ ಅಂಥ ಸಂತೋಷ ಯಾವತ್ತೂ ಆಗಿರಲಿಲ್ಲ.

ಮೇಲಧಿಕಾರಿ ಏದುಸಿರು ಬಿಡುತ್ತ ಮೇಲೆ ಬಂದರು. "ಮೆಷಿನ್ ಬೇಡ ಅಂತ ಬರೀತೀನಿ. ಅದ್ಯಾವ ಔಷಧಿ ಅಂತ ನನಗೂ ಹೇಳಿ, ನಮ್ಮನೆಯವಳು ಸ್ಕೂಲಲ್ಲಿ ಕೂಗಿ ಕೂಗಿ ಸಾಕಾಗಿದ್ದಾಳೆ."

"ಔಷಧಿ ಏನಿಲ್ಲ ಸರ್. ಒಂದು ಲೋಟ, ಒಂದು ಸ್ಟ್ರಾ."

ತಮಾಷೆ ಎಂದುಕೊಂಡು ನಕ್ಕರು. ಅವತ್ತು ಎರಡು ಗಂಟೆ ಮುಂಚೆ ಮನೆಗೆ ಕಳಿಸಿದರು.

ಲಿಫ್ಟ್ ರಿಪೇರಿಯವರ ಮನೆಯಿರುವ ಕಟ್ಟಡದ ಲಿಫ್ಟ್ ಸದಾ ಕೆಟ್ಟಿರುತ್ತದೆ. ಮೂರು ಮಹಡಿ ಮೆಟ್ಟಿಲು ಹತ್ತುತ್ತ, ಸುದ್ದಿಯನ್ನು ಹೇಗೆ ಹೇಳಬೇಕೆಂದು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಮೊದಲು ಮಾವನಿಗೆ ಹೇಳಬೇಕು, ಅತ್ತೆಯ ಎದುರಿಗೆ ನಿಂತು ಹೇಳಬೇಕು. ಎರಡನೆಯ ಮಹಡಿಯ ತಿರುವಿನಲ್ಲಿ ನನ್ನ ಕಾಲು ನಿಂತಿತು.

ಮಧ್ಯಾಹ್ನ ಗಾಳಿ ಬರಲೆಂದು ಅತ್ತೆ ಬಾಗಿಲು ತೆರೆದಿಟ್ಟಿರುತ್ತಾರೆ. ಒಳಗಿಂದ ಮಾವನ ದನಿ ಬರುತ್ತಿತ್ತು. ಅತ್ತೆಗೆ ಕೇಳಿಸಬೇಕಾದಷ್ಟು ತಗ್ಗಿ, ನಿಧಾನವಾಗಿ, ಸ್ವರ ತುಂಬಿ ಆಡುತ್ತಿದ್ದರು. ಅದು ಮೆಟ್ಟಿಲಿನವರೆಗೂ ಇಳಿದು ಬರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ನಾಲ್ಕೇ ವಾಕ್ಯ. ಪ್ರತಿಯೊಂದರ ಕೊನೆಗೆ ನಿಂತು ಉಸಿರು ತೆಗೆದುಕೊಂಡರು. ಎಲ್ಲಿ ನಿಲ್ಲುತ್ತಾರೆಂದು ನನಗೆ ಮೊದಲೇ ಗೊತ್ತಾಗುತ್ತಿತ್ತು, ಹೇಳಿಕೊಟ್ಟವಳು ನಾನೇ ಅಲ್ಲವೇ.

ಆಮೇಲೆ ಅತ್ತೆಯ ಗಟ್ಟಿ ದನಿ: "ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡು ಕೂತಿದ್ರಾ ಇದನ್ನ? ಹೇಳೋಕೇನಾಗಿತ್ತು?"

"ಸೊಸೆ ಬಾಯಲ್ಲಿ ಹೇಳಿ ಕಳಿಸೋ ಮಾತೇನೇ ಇದು?"

ಅತ್ತೆ ನಕ್ಕರು. ಅವರು ನಕ್ಕದ್ದನ್ನು ಬೇಕಾದಷ್ಟು ಸಲ ಕೇಳಿದ್ದೇನೆ, ಆದರೆ ಆ ನಗು ನನಗೆ ಹೊಸದು, ಹುಡುಗಿಯೊಬ್ಬಳ ನಗುವಿನ ಹಾಗಿತ್ತು. ಕೊನೆಗೆ ಮೂಗು ಸೀಟಿಕೊಂಡ ಸದ್ದು.

ನಾನು ಗೋಡೆ ಹಿಡಿದು ನಿಂತೆ. ಎರಡು ವರ್ಷ ಇವರಿಬ್ಬರ ಮಾತುಗಳನ್ನೆಲ್ಲ ಹೊತ್ತು ಆಚೆಗೆ ಈಚೆಗೆ ದಾಟಿಸಿದವಳು ನಾನು ಎಂದುಕೊಂಡಿದ್ದೆ. ನಾನು ದಾಟಿಸಿದ್ದು ಉಪ್ಪು, ಮಾತ್ರೆ, ಸಾಬೂನು, ಕಿಟಕಿ ಹಾಕಿ, ಕಿಟಕಿ ತೆಗೆಯಿರಿ. ಮಿಕ್ಕದ್ದು ಆಚೆ ದಡದಲ್ಲೇ ಕಾದು ಕೂತಿತ್ತು. ಮಾವ ಆ ರಾತ್ರಿ ಕತ್ತಲಲ್ಲಿ ಊದಿದ್ದು ನನ್ನ ಗಂಟಲಿಗಾಗಿ. ಅದರಿಂದ ಅವರಿಗೂ ಏನಾದರೂ ಸಿಕ್ಕಿತಲ್ಲ ಎಂದು ಮನಸ್ಸು ಹಗುರವಾಯಿತು. ಅದುವರೆಗೆ ಅವರಿಗೆ ಏನು ಕೊಟ್ಟು ತೀರಿಸಲಿ ಎಂದು ಒದ್ದಾಡುತ್ತಿದ್ದೆ.

ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಕೆಳಗಿಳಿದೆ. ಅಂಚೆಪೆಟ್ಟಿಗೆಗಳ ಪಕ್ಕದ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆ. ಬಾಯಿ ತುಂಬ ಸುದ್ದಿ ಇಟ್ಟುಕೊಂಡು, ಯಾರಿಗೂ ಹೇಳದೆ. ಸುಮ್ಮನಿರುವುದು ಅಷ್ಟು ಸುಖವೆಂದು ಗೊತ್ತಿರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿ, ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ, ಕೆಮ್ಮುತ್ತ ಮೇಲೆ ಹತ್ತಿದೆ.

ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು, ಮಾವ ಪೇಪರು ಓದುತ್ತಿದ್ದರು. ಅತ್ತೆಯ ಭುಜ ಮುಟ್ಟಿ, "ನನ್ನ ಜಾಗ ಉಳೀತು ಅತ್ತೆ" ಎಂದೆ. ಅವರು ನನ್ನ ಗದ್ದ ಹಿಡಿದು ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದರು. "ಉಳೀದೆ ಎಲ್ಲಿಗೆ ಹೋಗುತ್ತೆ? ನನ್ನ ಸೊಸೆ ದನಿ ಅದು." ಮಾವ ಪೇಪರು ಕೆಳಗಿಳಿಸಲಿಲ್ಲ. ಅದರ ಹಿಂದೆ ಒಂದು ಕೈ ಮೀಸೆ ನೇವರಿಸುತ್ತಿತ್ತು.

ರಾತ್ರಿ ಊಟ ಆದ ಮೇಲೆ ಗಂಡ ನನ್ನ ಪಕ್ಕ ಬಂದು ಕೂತರು. ಅಪ್ಪ ಅಮ್ಮ ಬಾಲ್ಕನಿಯಲ್ಲಿ ಒಟ್ಟಿಗೆ ನಿಂತಿದ್ದನ್ನು ನೋಡಿ ಬಂದಿದ್ದರು.

"ಏನೇ ಇದು, ಇಬ್ಬರೂ ಇವತ್ತು ಒಂಥರಾ ಇದ್ದಾರೆ. ಮಧ್ಯಾಹ್ನ ಏನಾದ್ರೂ ಆಯ್ತಾ?"

ಮದುವೆಯಾದಾಗಿನಿಂದ ಅವರಿಂದ ನಾನು ಏನನ್ನೂ ಮುಚ್ಚಿಟ್ಟಿಲ್ಲ. ಭಯಪಡುವವರಿಗೆ ಅದು ಸಾಧ್ಯವೂ ಇಲ್ಲ, ಹೇಳಿಕೊಂಡರೇ ನಿದ್ದೆ. ಆ ನಾಲ್ಕು ವಾಕ್ಯಗಳು ನನಗೆ ಅಕ್ಷರ ಅಕ್ಷರವೂ ನೆನಪಿದ್ದವು. ಅವರಿಗೆ ಹೇಳಬಹುದಿತ್ತು, ಕೇಳಿದರೆ ಅವರಿಗೂ ಸಂತೋಷವೇ ಆಗುತ್ತಿತ್ತು.

"ನನಗೇನು ಗೊತ್ತು? ನಾನು ಬರೋ ಹೊತ್ತಿಗೆ ಬಟ್ಟೆ ಮಡಿಸ್ತಿದ್ರು" ಎಂದೆ. ಆ ಮಾತುಗಳು ನನ್ನ ಬಾಯಿಂದ ಇವರಿಗೂ, ಮೇಡಂಗೂ, ಯಾರಿಗೂ ದಾಟುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡಿದ್ದೆ.